ಟೋಟಲ್ ಲಾಸ್ ಆದರೆ ಮೊದಲು ನೀರು ಎಣಿಸಿ

ಅರಬ್ಬೀ ಸಮುದ್ರದ ಎಣ್ಣೆ ಕ್ಷೇತ್ರ ಮುಂಬೈ ಹೈ ಅಂದ ಕೂಡಲೇ ಎಣ್ಣೆ ಸಿಕ್ಕ ವರ್ಷ 1974, ಬಾವಿ ಕೊರೆದ ಸಾಗರ್ ಸಮ್ರಾಟ್ ರಿಗ್, ತೀರದಿಂದ ಸುಮಾರು 160 ಕಿಲೋಮೀಟರ್ ಅಂತ ಬಾಯಿಪಾಠ ಒಪ್ಪಿಸುತ್ತೇವೆ. ಬಾವಿ ಕೊರೆಯುವವರಿಗೆ ಅದಕ್ಕಿಂತ ಮುಖ್ಯ ಅಲ್ಲಿನ ಕಲ್ಲು. ಎಣ್ಣೆ ಇರುವ ಮುಖ್ಯ ಪದರ ಎಲ್-3, ಸುಣ್ಣಕಲ್ಲು. ಮಾಟುಂಗಾದ ನಮ್ಮ ರೂಮಿನ ಮೇಜಿನ ಮೇಲೆ ಒಂದು ಸುಣ್ಣಕಲ್ಲಿನ ತುಂಡು ಇಟ್ಟುಕೊಂಡಿದ್ದೇವೆ. ಅದರ ತೂತುಗಳಲ್ಲಿ ಅಕ್ಕಿಕಾಳು ಸಲೀಸಾಗಿ ಇಳಿಯುತ್ತದೆ. ಮೇಲೆ ಒಂದು ಚಮಚ ನೀರು ಹಾಕಿದರೆ ಕೈ ತೆಗೆಯುವಷ್ಟರಲ್ಲಿ ಮಾಯ. ನೆಲದಡಿ ಇಂಥ ತೂತು, ಬಿರುಕು ಸಿಕ್ಕಾಗ ಮಡ್ ಕೂಡ (ಕೊರೆಯುವಾಗ ಪೈಪ್ ಒಳಗಿಂದ ಇಳಿಸಿ, ಅದರ ಹೊರಬದಿಯಿಂದ ಮೇಲೆ ತರುವ ಕೆಸರಿನಂಥ ದ್ರವ) ಹೀಗೇ ಹೋಗುತ್ತದೆ. ಇದೇ ಲಾಸ್.

ಗಂಟೆಗೆ ಹತ್ತು ಬ್ಯಾರೆಲ್ ಒಳಗಿನ ಲಾಸ್ ಸಣ್ಣ ಸೋರಿಕೆ. ಟೋಟಲ್ ಲಾಸ್ ಅಂದರೆ ಪಂಪ್ ಓಡುತ್ತಿದೆ, ಆದರೆ ಶೇಕರ್ (ವಾಪಸ್ ಬಂದ ಮಡ್ ಸೋಸುವ ಜರಡಿ) ಮೇಲೆ ಒಂದು ಹನಿಯೂ ವಾಪಸ್ ಬರುತ್ತಿಲ್ಲ. ದೊಡ್ಡ ಪೊಳ್ಳು ಸಿಕ್ಕಿದ್ದರೆ ಅದಕ್ಕೆ ಮುಂಚೆ ಕೊರೆಯುವ ತುದಿಯಾದ ಬಿಟ್ ತಟ್ಟನೆ ಕೆಳಗೆ ಜಾರುವುದೂ ಉಂಟು.

ಆಗ ಎಲ್ಲರಿಗೂ ತೂತು ಮುಚ್ಚುವ ಅವಸರ. ಜುಹುವಿನಿಂದ ಹೆಲಿಕಾಪ್ಟರ್ ಹತ್ತಿ 14 ದಿನ ರಿಗ್ ಮೇಲಿದ್ದು ಬರುವ ಧಾರವಾಡದ ಗೆಳೆಯ ಒಂದೇ ಮಾತು ಹೇಳುತ್ತಾನೆ: "ಮೊದ್ಲ ಬಾವಿ ತುಂಬಸ್ರಿ, ಆಮ್ಯಾಲೆ ಯೋಚ್ನಿ ಮಾಡ್ರಿ." ಆನ್ಯುಲಸ್‌ನಲ್ಲಿ, ಅಂದರೆ ಪೈಪ್ ಮತ್ತು ಬಾವಿಗೋಡೆಯ ನಡುವಿನ ಜಾಗದಲ್ಲಿ, ಮಡ್ ಮಟ್ಟ ಇಳಿದರೆ ಬಾವಿಯೊಳಗಿನ ಒತ್ತಡವೂ ಇಳಿಯುತ್ತದೆ. ಬೇರೆ ಪದರದಲ್ಲಿ ಗ್ಯಾಸ್ ಇದ್ದರೆ ಅದು ಒಳಗೆ ನುಗ್ಗಬಹುದು, ಅದೇ ಕಿಕ್. ಲಾಸ್ ಆಗಿದ್ದು ಒಂದು ಕಡೆ, ಕಿಕ್ ಬರುವುದು ಇನ್ನೊಂದು ಕಡೆ. ಅದಕ್ಕೇ ತಕ್ಷಣ ಮೇಲಿನಿಂದ ನೀರು ಹಾಕಬೇಕು, ಒಂದೊಂದು ಬ್ಯಾರೆಲ್ ಲೆಕ್ಕ ಇಡಬೇಕು. ಆ ಲೆಕ್ಕ ಚಿನ್ನ.

ಮಾಡಿ ನೋಡೋಣ. ಲಾಸ್ ಆದ ಆಳ 1,400 ಮೀಟರ್. ಮಡ್ ತೂಕ 1.20, ಅಂದರೆ ಸಿಹಿನೀರಿನ 1.20 ಪಟ್ಟು. 9⅝ ಇಂಚಿನ ಕೇಸಿಂಗ್ (ಬಾವಿಗೋಡೆಗೆ ಹಾಕುವ ಉಕ್ಕಿನ ಕೊಳವೆ) 1,200 ಮೀಟರ್‌ವರೆಗೆ ಇದೆ, ಒಳಗೆ 5 ಇಂಚಿನ ಪೈಪ್. ಈ ಆನ್ಯುಲಸ್ ಮೀಟರ್‌ಗೆ ಸುಮಾರು 25.8 ಲೀಟರ್ ಹಿಡಿಯುತ್ತದೆ. ಪಂಪ್ ನಿಲ್ಲಿಸಿ ಸಮುದ್ರದ ನೀರು ಹಾಕಿದೆವು. 65 ಬ್ಯಾರೆಲ್ ಹೋದ ಮೇಲೆ ಬಾವಿ ತುಂಬಿ ನಿಂತಿತು. ಬ್ಯಾರೆಲ್‌ಗೆ 159 ಲೀಟರ್, ಅಂದರೆ ಸುಮಾರು 400 ಮೀಟರ್ ಎತ್ತರದ ನೀರು.

ಇಲ್ಲಿ ನಾನು ಎಷ್ಟೋ ದಿನ ತಪ್ಪು ತಿಳಿದಿದ್ದೆ. ಮಡ್ 400 ಮೀಟರ್ ಕೆಳಗೆ ಇಳಿದಿತ್ತು ಅಂದುಕೊಂಡಿದ್ದೆ. ಹಾಗಲ್ಲ. ನೀರು ಬಿದ್ದಂತೆಲ್ಲ ಅದರ ಭಾರಕ್ಕೆ ಕೆಳಗಿನ ಮಡ್ ಇನ್ನಷ್ಟು ಕಲ್ಲಿನೊಳಗೆ ಹೋಗುತ್ತದೆ. ಬಾವಿಯ ಒತ್ತಡವೂ ಕಲ್ಲಿನ ಒತ್ತಡವೂ ಸಮ ಆದಾಗ ನಿಲ್ಲುತ್ತದೆ. ಈ ಬಾವಿಯಲ್ಲಿ ಮಡ್ ತಾನಾಗಿ ಇಳಿದಿದ್ದು 57 ಮೀಟರ್ ಅಷ್ಟೇ.

ಈಗ ಒತ್ತಡ. ತೂಕವನ್ನು ಮೀಟರ್‌ನಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಚದರ ಸೆಂಟಿಮೀಟರ್‌ಗೆ ಎಷ್ಟು ಕಿಲೋ ಅಂತ ಬರುತ್ತದೆ. 400 ಮೀಟರ್ ನೀರು, ತೂಕ 1.03: 41.2. ಉಳಿದ 1,000 ಮೀಟರ್ ಮಡ್: 120. ಒಟ್ಟು 161.2. ಬರೀ 1.20 ಮಡ್ ಆದರೆ ಇಷ್ಟು ಒತ್ತಡಕ್ಕೆ 1,343 ಮೀಟರ್ ಸಾಕು, ಆ 57 ಬಂದಿದ್ದು ಹೀಗೆ. 161.2ನ್ನು 140ರಿಂದ (ಆಳ 1,400ರ ಹತ್ತನೇ ಒಂದು ಭಾಗ) ಭಾಗಿಸಿದರೆ 1.15. ಆ ಕಲ್ಲು ತಡೆಯುವುದು ಇಷ್ಟೇ. ನಾವು 1.20 ಹಾಕಿ ಅದರ ಮೇಲೆ ಜಾಸ್ತಿ ಭಾರ ಹೇರಿದ್ದೆವು. ಪಂಪ್ ಓಡುವಾಗ ಒತ್ತಡ ಇನ್ನೂ ಹೆಚ್ಚುತ್ತದೆ, ಹಾಗಾಗಿ ಮಡ್ 1.15ಕ್ಕಿಂತ ತುಸು ಕಡಿಮೆಯೇ ಇರಬೇಕು. ಬೇರೆ ಪದರಗಳ ಒತ್ತಡ ಅದಕ್ಕೆ ಒಪ್ಪಿದರೆ, ತೂಕ ಇಳಿಸಿದರೇ ಅರ್ಧ ತೊಂದರೆ ಕಳೆಯಿತು.

ಒಪ್ಪದಿದ್ದರೆ ತೂತು ಮುಚ್ಚುವ ಮಾಲು. ಅಭ್ರಕ, ಅಕ್ರೋಟ್ ಚಿಪ್ಪಿನ ಪುಡಿ, ನಾರು, ಕ್ಯಾಲ್ಸಿಯಂ ಕಾರ್ಬೊನೇಟ್. ಎಣ್ಣೆಯ ಪದರದಲ್ಲೇ ಲಾಸ್ ಆದರೆ ನನ್ನ ಆಯ್ಕೆ ಕಾರ್ಬೊನೇಟ್, ಯಾಕಂದ್ರೆ ಆಮೇಲೆ ಆಸಿಡ್ ಹಾಕಿ ಕರಗಿಸಬಹುದು. ಅಭ್ರಕ ಕರಗದೆ ಎಣ್ಣೆಯ ದಾರಿಯನ್ನೇ ಕಟ್ಟಿಬಿಡಬಹುದು. ಕಾಳು ತೀರಾ ದಪ್ಪ ಇದ್ದರೆ ಬಿಟ್‌ನಿಂದ ಮಡ್ ಹೊರಬರುವ ನಾಝಲ್ ಕಟ್ಟಿಕೊಳ್ಳುತ್ತದೆ, ಅದನ್ನೂ ನೋಡಬೇಕು. ಇದಕ್ಕೂ ಬಗ್ಗದಿದ್ದರೆ ಸಿಮೆಂಟ್.

ನೀರು ಎಷ್ಟು ಹಾಕಿದರೂ ಬಾವಿ ತುಂಬದಿದ್ದರೆ? ಆ ಕಲ್ಲು ಸಮುದ್ರದ ನೀರಿನ ಭಾರವನ್ನೂ ತಡೆಯುತ್ತಿಲ್ಲ ಅಂತ ಅರ್ಥ. ಆಗ ಪೈಪ್ ಒಳಗೆ ಸಮುದ್ರದ ನೀರು ಬಿಡುತ್ತಾ, ಕಲ್ಲುಪುಡಿಯನ್ನೂ ಅದೇ ತೂತಿಗೆ ಕಳಿಸುತ್ತಾ ಕೊರೆಯುತ್ತಾರೆ. ಗ್ಯಾಸ್ ಮೇಲೆ ಬರದಂತೆ ಆನ್ಯುಲಸ್‌ಗೆ ಆಗಾಗ ಮಡ್ ತಳ್ಳುತ್ತಾರೆ. ಇದು ಮಡ್ ಕ್ಯಾಪ್ ಡ್ರಿಲ್ಲಿಂಗ್. ನೀರು ನಿಂತರೆ ಪುಡಿ ಕೂತು ಪೈಪ್ ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ನೀರಿನ ಪಂಪ್ ನಿಲ್ಲುವಂತಿಲ್ಲ.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ಬಾವಿ ಅದೇ, ಆದರೆ ತುಂಬಲು 120 ಬ್ಯಾರೆಲ್ ಬೇಕಾಯಿತು. ನನಗೆ 1.11 ಬಂತು. ನಿಮಗೆ?