ಫೋನಿನಲ್ಲಿ ಉಳಿಯದ ‘ದೊನ್’

ಜಪಾನಿನ ಪಶ್ಚಿಮ ಕಡಲಲ್ಲಿರುವ ಸಾದೊ ದ್ವೀಪದ ಒಗಿ ಎಂಬ ಪುಟ್ಟ ಬಂದರು ಊರಿನಲ್ಲಿ, ಕೊದೊ ಎಂಬ ತೈಕೊ (ಜಪಾನಿ ಡೋಲು) ತಂಡವು 1988ರಿಂದ ನಡೆಸಿಕೊಂಡು ಬಂದಿರುವ ಆಗಸ್ಟ್ ತಿಂಗಳ ಉತ್ಸವದ ಒಂದು ಸಂಜೆ, ವೇದಿಕೆಯಿಂದ ಸುಮಾರು 30 ಮೀಟರ್ ದೂರದ ಹುಲ್ಲಿನ ಮೇಲೆ ನಾನು ಕುಳಿತಿದ್ದೆ. ಆಳೆತ್ತರದ ‘ಓ-ದೈಕೊ’ ಡೋಲಿನ ಮುಂದೆ ವಾದಕರು ನಮಗೆ ಬೆನ್ನು ಹಾಕಿ ನಿಂತಿದ್ದರು. ಅವರ ಭುಜದ ಸ್ನಾಯು ಬಿಗಿದದ್ದು, ಕೋಲು ಚರ್ಮಕ್ಕೆ ತಗುಲಿದ್ದು ಕಣ್ಣಿಗೆ ಕಂಡಿತು; ಕೋಲು ಹಿಂದಕ್ಕೆ ಚಿಮ್ಮುವಷ್ಟರಲ್ಲಿ ಸದ್ದು ಬಂದು ಮುಟ್ಟಿತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, ಅಷ್ಟು ದೂರಕ್ಕೆ ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ ಹೊತ್ತು ತಡವಾಗುತ್ತದೆ. ಆ ಸದ್ದು ಮೊದಲು ಬಂದದ್ದು ಕಿವಿಗೋ ಎದೆಗೂಡಿಗೋ ಎಂದು ನನಗೆ ಹೇಳಲು ಬಾರದು.

ರಾತ್ರಿ ತಂಗಿದ್ದ ಮನೆಯಲ್ಲಿ, ಫೋನಿನಲ್ಲಿ ಹಿಡಿದಿದ್ದ ವಿಡಿಯೊ ಹಾಕಿ ನೋಡಿದೆ. ಬೆಂಕಿಪೊಟ್ಟಣದ ಮೇಲೆ ಬೆರಳು ಬಡಿದಂಥ ಟಕ್ ಟಕ್ ಬಿಟ್ಟರೆ ಬೇರೇನೂ ಇರಲಿಲ್ಲ.

ತೈಕೊ ಕಲಿಯುವವರು ನುಡಿಸುವ ಮೊದಲು ಬಾಯಲ್ಲಿ ಹೇಳಿ ಅಭ್ಯಾಸ ಮಾಡುತ್ತಾರೆ. ನಮ್ಮ ಕೊನ್ನಕೋಲನ್ನು ಬಲ್ಲವರಿಗೆ ಇದು ಹೊಸದೇನಲ್ಲ; ಅಲ್ಲಿ ಇದರ ಹೆಸರು ‘ಕುಚಿ ಶೋಗ’. ಚರ್ಮದ ನಡುವಿಗೆ ಬಿದ್ದ ಜೋರು ಪೆಟ್ಟು ‘ದೊನ್’, ಅಂಚಿನ ಮರಕ್ಕೆ ಬಿದ್ದದ್ದು ‘ಕಾ’. ನನ್ನ ಫೋನು ‘ಕಾ’ವನ್ನು ಉಳಿಸಿಕೊಂಡು ‘ದೊನ್’ ಅನ್ನು ಚೆಲ್ಲಿಬಿಟ್ಟಿತ್ತು.

ಇದರಲ್ಲಿ ಫೋನಿನ ಮೈಕಿನ ತಪ್ಪು ಕಡಿಮೆ, ಅದರ ಸ್ಪೀಕರಿನದೇ ಹೆಚ್ಚು. ದೊಡ್ಡ ಓ-ದೈಕೊದ ಚರ್ಮವು ಸೆಕೆಂಡಿಗೆ ಕೆಲವು ಹತ್ತು ಸಲ ಮಾತ್ರ ಹಿಂದೆ ಮುಂದೆ ಆಡುತ್ತದೆ. 50 ಹರ್ಟ್ಸ್‌ನ (ಸೆಕೆಂಡಿಗೆ 50 ಸಲ ಅದುರುವ) ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದವಿರುತ್ತದೆ. ಕಂಪನ ನಿಧಾನವಾದಷ್ಟೂ ಅಷ್ಟೇ ಜೋರಿನ ಸದ್ದಿಗಾಗಿ ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ: ಕಂಪನಾಂಕ ಅರ್ಧಕ್ಕಿಳಿದರೆ ತಳ್ಳಬೇಕಾದ ಗಾಳಿಯ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಡೋಲಿನ ಚರ್ಮಕ್ಕೆ ಅದು ಸಾಧ್ಯ, ಉಗುರಿನಷ್ಟು ಅಗಲದ ಸ್ಪೀಕರಿಗೆ ಸಾಧ್ಯವಿಲ್ಲ.

ಹಾಗಿದ್ದರೆ ಅದೇ ಫೋನಿನಲ್ಲಿ ಗಂಡಸಿನ ದಪ್ಪ ಧ್ವನಿ ದಪ್ಪವಾಗಿಯೇ ಕೇಳುವುದು ಹೇಗೆ? ಅದರ ಮೂಲಸ್ವರವನ್ನೂ ಆ ಸ್ಪೀಕರು ಸರಿಯಾಗಿ ಹೊರಡಿಸಲಾರದು. ಇಲ್ಲಿ ನೆರವಿಗೆ ಬರುವುದು ನಮ್ಮ ಮಿದುಳು. ಕಂಠದಲ್ಲಾಗಲಿ ತಂತಿವಾದ್ಯದಲ್ಲಾಗಲಿ ಮೂಲಸ್ವರದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೂ ಹೊರಡುತ್ತವೆ. ಆ ಉಪಸ್ವರಗಳು ಮಾತ್ರ ಕೇಳಿದರೂ, ಅವುಗಳ ನಡುವಿನ ಸಮ ಅಂತರವನ್ನು ಹಿಡಿದು, ಬಾರದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಸಮವಾಗಿ ಬಿಗಿದ ದುಂಡನೆಯ ಚರ್ಮದ ಲೆಕ್ಕವೇ ಬೇರೆ. ಅದರ ಕಂಪನಗಳು ಲೆಕ್ಕಾಚಾರದಂತೆ 1, 1.59, 2.14, 2.30, 2.65 ಎಂಬ ಒರಟು ಅನುಪಾತಗಳಲ್ಲಿ ಏರುತ್ತವೆ. ನಿಜವಾದ ಡೋಲಿನಲ್ಲಿ ಚರ್ಮದ ದಪ್ಪವೂ ಒಳಗಿನ ಗಾಳಿಯೂ ಈ ಅಂಕಿಗಳನ್ನು ಅಷ್ಟಿಷ್ಟು ಅಲುಗಿಸುತ್ತವೆಯಾದರೂ ಅಚ್ಚುಕಟ್ಟು ಮಾಡುವುದಿಲ್ಲ. ಹೀಗಾಗಿ ಕಳೆದುಹೋದ ‘ದೊನ್’ ಅನ್ನು ಮರಳಿ ಕಟ್ಟಲು ಮಿದುಳಿಗೆ ಸುಳಿವೇ ಸಿಗುವುದಿಲ್ಲ.

ಎಲ್ಲ ಚರ್ಮವಾದ್ಯಗಳೂ ಹೀಗೆಯೇ ಎಂದುಕೊಳ್ಳುವಂತಿಲ್ಲ ಎಂಬುದನ್ನು ತೋರಿಸಿದವರು ಸಿ. ವಿ. ರಾಮನ್. ಮೃದಂಗ ಮತ್ತು ತಬಲಾಗಳ ಮುಖದ ನಡುವೆ ಬಳಿದ ಕಪ್ಪು ಕರಣೆ ಚರ್ಮಕ್ಕೆ ತೂಕ ಕೊಟ್ಟು ಅದರ ಕಂಪನಗಳನ್ನು ಪೂರ್ಣಾಂಕದ ಸಾಲಿಗೆ ತರುತ್ತದೆ ಎಂದು ಅವರು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಹೋದ್ಯೋಗಿಯೊಬ್ಬರೊಡನೆ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅದನ್ನು ವಿಸ್ತರಿಸಿ, ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಾಗಿ ಕೂಡಿಕೊಳ್ಳುವುದನ್ನು ವಿವರಿಸಿದರು. ಮೃದಂಗದ ನಾದ ಸಣ್ಣ ರೇಡಿಯೊದಲ್ಲೂ ಶ್ರುತಿಯಲ್ಲಿ ಕೇಳುವುದಕ್ಕೆ ಆ ಕರಿ ಬೊಟ್ಟೇ ಕಾರಣ. ತೈಕೊಗೆ ಕರಣೆಯಿಲ್ಲ. ಅದು ಶ್ರುತಿಯನ್ನು ಬೇಡಿದ ವಾದ್ಯವೂ ಅಲ್ಲ.

ಅದರ ತಯಾರಿಕೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಉತ್ತಮ ತೈಕೊಗೆ ಕೆಯಾಕಿ ಮರದ ಇಡೀ ಕಾಂಡವನ್ನು ಕೊರೆದು, ಟೊಳ್ಳಾದ ಮರವನ್ನು ವರ್ಷಗಟ್ಟಲೆ ಒಣಗಿಸಿ, ಎರಡೂ ಬಾಯಿಗೆ ಹಸುವಿನ ದಪ್ಪ ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಾರೆ; ಆಮೇಲೆ ಸುಲಭವಾಗಿ ಶ್ರುತಿ ತಿದ್ದುವಂತಿಲ್ಲ. ಇಶಿಕಾವಾ ಪ್ರಾಂತದ ಹಾಕುಸಾನ್ ಊರಿನಲ್ಲಿ 1609ರಿಂದ ಈ ಕಸುಬು ನಡೆಸುತ್ತಿರುವ ಮನೆತನವೂ ಇದೆ. ಮೊಳೆ ಹೊಡೆಯುವ ಮುನ್ನ ಹಗ್ಗ, ಜಾಕುಗಳಿಂದ ಚರ್ಮವನ್ನು ಜಗ್ಗಿ, ಕುಶಲಕರ್ಮಿ ಅದರ ಮೇಲೇ ಹತ್ತಿ ನಿಂತು ತುಳಿಯುತ್ತಾನೆ. ಮುಂದೆ ಸಡಿಲವಾಗಬೇಕಾದದ್ದೆಲ್ಲ ಆಗಲೇ ಸಡಿಲವಾಗಿಬಿಡಲಿ ಎಂಬುದು ಉದ್ದೇಶ. ಚರ್ಮ ಹದ ಮಾಡಿದ ಬುರಾಕುಮಿನ್ ಸಮುದಾಯವನ್ನು ಅದೇ ಕಾರಣಕ್ಕೆ ಶತಮಾನಗಳ ಕಾಲ ಊರಾಚೆ ಇಟ್ಟ ಸಮಾಜವೇ ಆ ಡೋಲನ್ನು ದೇವಾಲಯದೊಳಕ್ಕೆ ಒಯ್ದಿತು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಡೋಲು ತಯಾರಕರ ನೆಲೆಯಾದ ಒಸಾಕಾದ ನಾನಿವಾದಲ್ಲಿ 1987ರಲ್ಲಿ ಹುಟ್ಟಿದ ತೈಕೊ ತಂಡವೊಂದು ‘ಇಕಾರಿ’, ಅಂದರೆ ಸಿಟ್ಟು, ಎಂದೇ ಹೆಸರಿಟ್ಟುಕೊಂಡಿತು.

ಡೋಲು ಹಳೆಯದಾದರೂ, ಸಣ್ಣ ದೊಡ್ಡ ಡೋಲುಗಳನ್ನು ಗುಂಪಾಗಿ ವೇದಿಕೆಯಲ್ಲಿ ನುಡಿಸುವ ಪದ್ಧತಿ ಹಳೆಯದಲ್ಲ. ಅದನ್ನು 1951ರಲ್ಲಿ ನಾಗಾನೊ ಪ್ರಾಂತದಲ್ಲಿ ಆರಂಭಿಸಿದ ದೈಹಾಚಿ ಒಗುಚಿ ಜಾಜ್ ಡ್ರಮ್ ವಾದಕರು.

ಇನ್ನು ಎದೆಗೂಡಿನ ವಿಚಾರ. ಶ್ವಾಸಕೋಶಗಳ ಗಾಳಿ ತುಂಬಿದ ಎದೆಯೂ ಒಂದು ಬಗೆಯ ಡೋಲೇ ಆಗಿದ್ದು, ಕೆಲವು ಹತ್ತು ಹರ್ಟ್ಸ್‌ಗಳ ಜೋರು ಸದ್ದಿಗೆ ಅದರ ಗೋಡೆ ಅದುರುತ್ತದೆ. ಚರ್ಮದಡಿಯ ಸ್ಪರ್ಶಗ್ರಾಹಿಗಳು ಆ ಅದುರನ್ನು ಮಿದುಳಿಗೆ ತಿಳಿಸುತ್ತವೆ. ಇದಕ್ಕಿಂತ ಸೋಜಿಗದ ಸಂಗತಿ ಒಳಗಿವಿಯಲ್ಲಿದೆ. ದೇಹದ ಸಮತೋಲನವನ್ನು ಕಾಯುವ ಅಂಗಗಳಲ್ಲಿ ಒಂದಾದ ಸ್ಯಾಕ್ಯೂಲ್, ಜೋರಾದ ಮಂದ್ರ ಸದ್ದಿಗೂ ಸ್ಪಂದಿಸುತ್ತದೆ. ಅಂದರೆ ಡೋಲಿನ ಪೆಟ್ಟು, ತಲೆ ಅಲುಗಿದಾಗ ಎಚ್ಚರಗೊಳ್ಳುವ ಅಂಗವನ್ನೇ ತಟ್ಟುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎಲೆಕ್ಟ್ರಾನಿಕ್ ಸಂಗೀತ ಕಛೇರಿಯೊಂದರ ನಡುನಡುವೆ 8ರಿಂದ 37 ಹರ್ಟ್ಸ್‌ನ ಸದ್ದನ್ನು ಗುಟ್ಟಾಗಿ ಸೇರಿಸಿದಾಗ, ಅದು ಸೇರಿದ್ದು ಸಭಿಕರ ಅರಿವಿಗೆ ಬಾರದಿದ್ದರೂ ಅವರ ಕುಣಿತ 11.8 ಶೇಕಡಾ ಹೆಚ್ಚಿತು. ಅದು ತೈಕೊ ಕಛೇರಿಯಲ್ಲ ನಿಜ. ಆದರೆ ಒಗಿಯ ಹುಲ್ಲಿನ ಮೇಲೆ ನನ್ನ ಪಕ್ಕದಲ್ಲಿದ್ದ ಅಜ್ಜಿಯ ಮಂಡಿ ತಾನಾಗಿ ಮೇಲೆ ಕೆಳಗೆ ಆಡುತ್ತಿದ್ದುದನ್ನು ಕಂಡಿದ್ದ ನನಗೆ ಆ ಫಲಿತಾಂಶ ಅಚ್ಚರಿಯನ್ನೇನೂ ತರಲಿಲ್ಲ.

ಇಷ್ಟೆಲ್ಲ ಸುಖಕ್ಕೆ ಬೆಲೆ ತೆರುವವುಗಳೂ ಕಿವಿಗಳೇ. ತಂಡದ ಸಮೀಪ ಸದ್ದು 100 ಡೆಸಿಬೆಲ್ ದಾಟುವುದು ಸಾಮಾನ್ಯ. ಆ ಮಟ್ಟದ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ. ಜೋರು ಸದ್ದಾದಾಗ ನಡುಗಿವಿಯ ಪುಟ್ಟ ರಿಕಾಪು ಮೂಳೆಯನ್ನು ಬಿಗಿಹಿಡಿದು ಒಳಗಿವಿಯನ್ನು ಕಾಯುವ ಸ್ನಾಯುವೊಂದು ನಮ್ಮಲ್ಲಿದೆಯಾದರೂ, ಅದು ಎಚ್ಚೆತ್ತುಕೊಳ್ಳಲು ಹತ್ತಾರು ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ಪೆಟ್ಟಿನ ಮೊನೆ ಒಳಗೆ ಹೊಕ್ಕಾಗಿರುತ್ತದೆ. ಕಿವಿಯಲ್ಲಿ ಸದ್ದಿಗೆ ಮೊದಲು ಅದುರುವ ತೆಳುಪೊರೆಯನ್ನು ಕನ್ನಡದಲ್ಲಿ ಕಿವಿತಮಟೆ ಎನ್ನುತ್ತೇವೆ. ಡೋಲಿನ ಮುಂದೆ ಕುಳಿತಾಗ ಆ ಮಾತು ಉಪಮೆ ಎನಿಸುವುದಿಲ್ಲ.

ಮರುದಿನ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿದ್ದರಿಂದ ಸ್ಪಂಜಿನ ಕಿವಿಬಿರಡೆ ಹಾಕಿಕೊಂಡು ಕುಳಿತೆ. ಅಂಥ ಬಿರಡೆಗಳು ತಾರಕ ಸದ್ದನ್ನು ತಡೆದಷ್ಟು ಮಂದ್ರವನ್ನು ತಡೆಯಲಾರವು, ಎದೆಗಂತೂ ಬಿರಡೆಯೇ ಇಲ್ಲ. ಮರದ ಅಂಚಿನ ‘ಕಾ’ ಎಲ್ಲೋ ದೂರದ ಕೊಟ್ಟಿಗೆಯಲ್ಲಿ ಯಾರೋ ಕಡ್ಡಿ ಮುರಿದಂತೆ ಸಣ್ಣಗಾಯಿತು. ‘ದೊನ್’ ಮಾತ್ರ ಹಿಂದಿನ ಸಂಜೆಯಷ್ಟೇ ದೊಡ್ಡದಾಗಿ ಬಂದು ಪಕ್ಕೆಲುಬಿಗೆ ಬಡಿಯಿತು.