ಲೇಬಲ್ ಡಿಲೀಟ್ ಮಾಡುವ ಮುಂಚೆ ಒಂದು ಮಾತು

ಗಿಟ್‌ಹಬ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಕೋಡ್ ಇಟ್ಟು ಹಂಚಿಕೊಳ್ಳುವ ತಾಣದಲ್ಲಿ, ಪ್ರಾಜೆಕ್ಟಿನ ದೂರು, ಕೆಲಸಗಳನ್ನು ವಿಂಗಡಿಸಲು ಹಚ್ಚುವ ಲೇಬಲ್‌ಗಳನ್ನೆಲ್ಲ ನೀಟಾಗಿ ಮಾಡಬೇಕು ಅಂತ ಯಾರಾದರೂ ಕರೆದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಳೇ ಲೇಬಲ್‌ಗಳನ್ನು ಏನು ಮಾಡಬೇಕು ಅಂದುಕೊಂಡಿದ್ದೀರಿ? ಬಹುತೇಕರದ್ದು ಒಂದೇ ಉತ್ತರ. ‘ಡಿಲೀಟ್ ಮಾಡಿ ಹೊಸದಾಗಿ ಹಾಕೋದು, ಇನ್ನೇನು?’ ಸಾಫ್ಟ್‌ವೇರ್‌ನಲ್ಲಿ ಪಳಗಿದವರು, ಡೇಟಾಬೇಸಿನ ಒಂದು ಕಾಲಂ ತೆಗೆಯಲು ಹತ್ತು ಸಲ ಯೋಚಿಸುವವರು, ಲೇಬಲ್ ವಿಷಯದಲ್ಲಿ ಮಾತ್ರ ಯಾಕೆ ಹೀಗೆ ಧಾರಾಳಿಗಳಾಗುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗಿಟ್‌ಹಬ್‌ನ ಕಮಾಂಡ್‌ಲೈನ್ ಟೂಲ್ ‘ಜಿಎಚ್’ 2020ರಲ್ಲಿ 1.0 ಆವೃತ್ತಿಯಾಗಿ ಬಂತು. ಲೇಬಲ್‌ಗೆಂದೇ ಕಮಾಂಡುಗಳು ಸೇರಿದ್ದು ಆಮೇಲೆ: ಲಿಸ್ಟ್, ಕ್ರಿಯೇಟ್, ಎಡಿಟ್, ಡಿಲೀಟ್, ಕ್ಲೋನ್. ಇನ್‌ಸ್ಟಾಲ್ ಮಾಡುವುದು, ಲಾಗಿನ್ ಆಗುವುದು ಇತ್ಯಾದಿ ನಿಮಗೆ ಗೊತ್ತಿರುವುದೇ. ರೆಪೊಸಿಟರಿಗೆ (ಒಂದು ಪ್ರಾಜೆಕ್ಟಿನ ಕೋಡ್ ಇರುವ ಜಾಗ, ಚಿಕ್ಕದಾಗಿ ರೆಪೊ) ಬರೆಯುವ ಅನುಮತಿ ಇದ್ದರೆ ಸಾಕು, ಈ ಐದು ಕಮಾಂಡುಗಳಿಂದ ನಲವತ್ತು ರೆಪೊಗಳ ಲೇಬಲ್‌ಗಳನ್ನು ಒಂದು ಮಧ್ಯಾಹ್ನದಲ್ಲಿ ಒಂದೇ ಅಚ್ಚಿಗೆ ತರಬಹುದು. ಅಷ್ಟೇ ಬೇಗ ಹಾಳೂ ಮಾಡಬಹುದು.

ಹಾಳಾಗುವುದು ಸಾಮಾನ್ಯವಾಗಿ ಹೀಗೆ. ಒಂದು ಮಾದರಿ ರೆಪೊದಲ್ಲಿ ಹೊಸ ಲೇಬಲ್‌ಗಳನ್ನು ಚೆನ್ನಾಗಿ ಜೋಡಿಸಿಡುತ್ತಾರೆ: ‘ಟೈಪ್: ಬಗ್’, ‘ಪ್ರಯಾರಿಟಿ: ಹೈ’, ಹೀಗೆ. ನಂತರ ‘ಜಿಎಚ್ ಲೇಬಲ್ ಕ್ಲೋನ್’ ಕೊಟ್ಟು ಅವನ್ನು ಹಳೇ ರೆಪೊಗೆ ತರುತ್ತಾರೆ. ಕ್ಲೋನ್ ಪಾಪ, ಯಾವುದನ್ನೂ ಅಳಿಸುವುದಿಲ್ಲ. ಇಲ್ಲದ್ದನ್ನು ಸೇರಿಸುತ್ತದೆ; ಅದೇ ಹೆಸರಿನದು ಮೊದಲೇ ಇದ್ದರೆ, ‘ಫೋರ್ಸ್’ ಅಂತ ಹೇಳದ ಹೊರತು ಮುಟ್ಟುವುದಿಲ್ಲ. ಈಗ ರೆಪೊದಲ್ಲಿ ‘ಬಗ್’ ಕೂಡ ಇದೆ, ‘ಟೈಪ್: ಬಗ್’ ಕೂಡ ಇದೆ. ಎರಡನ್ನೂ ನೋಡಿದವರಿಗೆ ಕಿರಿಕಿರಿ. ಹಳೆಯದನ್ನು ಡಿಲೀಟ್ ಮಾಡುತ್ತಾರೆ. ಟೂಲ್ ಆಗಲೂ ಸುಮ್ಮನೆ ಬಿಡುವುದಿಲ್ಲ, ಲೇಬಲ್‌ನ ಹೆಸರನ್ನು ಟೈಪ್ ಮಾಡಿ ಖಚಿತಪಡಿಸಿ ಅನ್ನುತ್ತದೆ. ಆದರೆ ಸ್ಕ್ರಿಪ್ಟಿನಲ್ಲಿ ‘ಯೆಸ್’ ಫ್ಲ್ಯಾಗ್ (ಕೇಳದೆ ಮುಂದುವರಿ ಅನ್ನುವ ಸೂಚನೆ) ಸೇರಿಸಿದ ಮೇಲೆ ಕೇಳುವವರು ಯಾರು?

ಆ ಕ್ಷಣದಲ್ಲಿ ಆಗುವುದೇನು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ. ‘ಬಗ್’ ಡಿಲೀಟ್ ಆದಾಗ ಪಟ್ಟಿಯಿಂದ ಒಂದು ಸಾಲು ಮಾತ್ರ ಹೋಗುವುದಲ್ಲ. ಆ ಲೇಬಲ್ ಅಂಟಿಕೊಂಡಿದ್ದ ಪ್ರತಿ ಇಶ್ಯೂ (ದೂರು ಅಥವಾ ಕೆಲಸದ ದಾಖಲೆ), ಪ್ರತಿ ಪುಲ್ ರಿಕ್ವೆಸ್ಟ್‌ನಿಂದಲೂ (ಕೋಡಿಗೆ ಸೇರಿಸಿ ಅಂತ ಕಳಿಸಿದ ಬದಲಾವಣೆ), ತೆರೆದದ್ದಿರಲಿ ಮುಚ್ಚಿದ್ದಿರಲಿ, ಅದು ಕಳಚಿ ಬೀಳುತ್ತದೆ. ಮರುದಿನ ಅದೇ ಹೆಸರಿನಲ್ಲಿ, ಅದೇ ಬಣ್ಣದಲ್ಲಿ ಮತ್ತೆ ‘ಬಗ್’ ಕ್ರಿಯೇಟ್ ಮಾಡಿದರೂ ಅದು ಹೊಸ ಲೇಬಲ್. ಒಂದೇ ಒಂದು ಇಶ್ಯೂಗೂ ಅದು ತಾನಾಗಿ ಹೋಗಿ ಅಂಟುವುದಿಲ್ಲ.

ಅದೇ ‘ಜಿಎಚ್ ಲೇಬಲ್ ಎಡಿಟ್’ ಕೊಟ್ಟು, ‘ನೇಮ್’ ಫ್ಲ್ಯಾಗಿನಲ್ಲಿ ಹೊಸ ಹೆಸರು ಬರೆದಿದ್ದರೆ? ‘ಬಗ್’ ಇದ್ದ ಕಡೆಯೆಲ್ಲ ತಾನಾಗಿಯೇ ‘ಟೈಪ್: ಬಗ್’ ಅಂತ ಕಾಣುತ್ತಿತ್ತು. ಪಹಣಿಯಲ್ಲಿ ಮಾಲೀಕರ ಹೆಸರು ಬದಲಾದರೂ ಸರ್ವೆ ನಂಬರ್ ಅದೇ ಇರುತ್ತದಲ್ಲ, ಹಾಗೆ ಪ್ರತಿ ಲೇಬಲ್‌ಗೂ ಒಳಗಡೆ ಒಂದು ಗುರುತಿನ ಸಂಖ್ಯೆ ಇದೆ. ಇಶ್ಯೂಗಳು ಹಿಡಿದುಕೊಂಡಿರುವುದು ಅದನ್ನು, ನಾವು ಓದುವ ಹೆಸರನ್ನಲ್ಲ. ಎಡಿಟ್ ಆ ಸಂಖ್ಯೆಯನ್ನು ಉಳಿಸುತ್ತದೆ, ಡಿಲೀಟ್ ಅದನ್ನೇ ತೆಗೆದುಬಿಡುತ್ತದೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ಹಳೆಯದರ ಹೆಸರು ಬದಲಿಸಿ, ಆಮೇಲೆ ಕ್ಲೋನ್ ಮಾಡಿ. ತಿರುಗಾಮುರುಗಾ ಮಾಡಿದರೆ ‘ಟೈಪ್: ಬಗ್’ ಆಗಲೇ ಇರುವುದರಿಂದ ಎಡಿಟ್ ಒಪ್ಪುವುದಿಲ್ಲ, ಆ ಹೆಸರು ಇನ್ನೊಬ್ಬರದ್ದು ಅನ್ನುತ್ತದೆ. ಅಲ್ಲಿಗೆ ತಾಳ್ಮೆ ತಪ್ಪಿ ಜನ ಡಿಲೀಟ್‌ಗೆ ಕೈ ಹಾಕುತ್ತಾರೆ. ಎರಡೂ ಲೇಬಲ್ ಬಳಕೆಯಲ್ಲಿದ್ದು ಒಂದು ಮಾಡಲೇಬೇಕಾದರೆ ದಾರಿ ಸ್ವಲ್ಪ ಉದ್ದ: ಹಳೇ ಲೇಬಲ್ ಇರುವ ಇಶ್ಯೂಗಳನ್ನೆಲ್ಲ ಪಟ್ಟಿ ಮಾಡಿ, ಅವಕ್ಕೆ ಹೊಸದನ್ನು ಸೇರಿಸಿ, ಪುಲ್ ರಿಕ್ವೆಸ್ಟ್‌ಗಳಿಗೂ ಹಾಗೆಯೇ ಮಾಡಿ. ಹಳೆಯದಿದ್ದೂ ಹೊಸದಿಲ್ಲದವು ಎಷ್ಟು ಅಂತ ಹುಡುಕಿದಾಗ ಸೊನ್ನೆ ಬಂದರೆ, ಆಗ ಮಾತ್ರ ಹಳೆಯದನ್ನು ಡಿಲೀಟ್ ಮಾಡಿ.

ಬೆಂಗಳೂರಿನ ಒಂದು ಕಂಪನಿಗೆ ನನ್ನನ್ನು ಕರೆಸಿದ್ದು ಇದೆಲ್ಲ ಮುಗಿದುಹೋದ ಮೇಲೆ. ಸಪೋರ್ಟ್ ವಿಭಾಗದಲ್ಲಿದ್ದ ಒಬ್ಬ ಹೆಣ್ಣುಮಗಳು ಗ್ರಾಹಕರಿಂದ ಬಂದ ಪ್ರತಿ ದೂರನ್ನೂ ಓದಿ, ಫೋನ್ ಮಾಡಿ ವಿಚಾರಿಸಿ, ಯಾವುದು ಪಾವತಿಯ ತೊಂದರೆ, ಯಾವುದು ಲಾಗಿನ್ ತೊಂದರೆ, ಯಾವುದು ಬರೀ ತಿಳಿವಳಿಕೆಯ ಕೊರತೆ ಅಂತ ವಿಂಗಡಿಸಿ ಲೇಬಲ್ ಹಚ್ಚುತ್ತಿದ್ದರು. ವರ್ಷಗಟ್ಟಲೆಯ ಕೆಲಸ. ಹೊಸದಾಗಿ ಬಂದ ಟೀಮ್ ಲೀಡ್ ಒಂದು ಲೂಪ್ ಬರೆದು ಅಷ್ಟನ್ನೂ ಅಳಿಸಿ, ಮುದ್ದಾದ ಬಣ್ಣಗಳ ಹೊಸ ಲೇಬಲ್‌ಗಳನ್ನು ಹಾಕಿದ್ದರು. ‘ಇಶ್ಯೂಗಳೆಲ್ಲ ಹಾಗೇ ಇವೆಯಲ್ಲ ಸಾರ್’ ಅಂತ ಅವರ ವಾದ. ಇದ್ದವು, ನಿಜ. ಯಾವುದು ಏನು ಅಂತ ಹೇಳುವವರು ಇರಲಿಲ್ಲ. ಪುಣ್ಯಕ್ಕೆ ಆ ಹೆಣ್ಣುಮಗಳು ವಾರದ ವರದಿಗೆಂದು ಇಶ್ಯೂ ನಂಬರು ಮತ್ತು ಲೇಬಲ್ ಎರಡನ್ನೂ ತಮ್ಮದೇ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು. ಅದನ್ನು ಇಟ್ಟುಕೊಂಡು ‘ಜಿಎಚ್ ಇಶ್ಯೂ ಎಡಿಟ್’ನಿಂದ ಬಹುಪಾಲು ಮರಳಿ ಹಚ್ಚಿದೆವು. ಕಂಪನಿಯವರು ನನಗೆ ಧನ್ಯವಾದ ಹೇಳಿದರು. ಹೇಳಬೇಕಾದದ್ದು ಆ ಹೆಣ್ಣುಮಗಳಿಗೆ ಅಂತ ಅಲ್ಲೇ ಹೇಳಿ ಬಂದೆ.

ಬ್ಯಾಕಪ್ ಇಟ್ಟಿದ್ದೇವೆ ಅನ್ನುವವರೂ ಸಿಗುತ್ತಾರೆ. ಫೈಲ್ ತೆರೆದು ನೋಡಿದರೆ ಅದರಲ್ಲಿ ಲೇಬಲ್‌ನ ಹೆಸರು, ಬಣ್ಣ, ವಿವರಣೆ ಇರುತ್ತವೆ. ಯಾವ ಇಶ್ಯೂಗೆ ಯಾವುದು ಅಂಟಿತ್ತು ಅನ್ನುವುದೇ ಇರುವುದಿಲ್ಲ! ಅದು ಬೇಕಾದರೆ ಇಶ್ಯೂ ಪಟ್ಟಿಯನ್ನೇ ನಂಬರು ಮತ್ತು ಲೇಬಲ್ ಸಮೇತ ಜೇಸನ್ ಅನ್ನುವ ಡೇಟಾ ಫೈಲಿನ ರೂಪದಲ್ಲಿ ಇಳಿಸಿಕೊಳ್ಳಬೇಕು, ಪುಲ್ ರಿಕ್ವೆಸ್ಟ್‌ಗಳದ್ದು ಬೇರೆ. ಇಲ್ಲಿ ಇನ್ನೊಂದು ಗುಂಡಿ ಇದೆ. ಈ ಲಿಸ್ಟ್ ಕಮಾಂಡುಗಳು ನೀವು ಏನೂ ಹೇಳದಿದ್ದರೆ 30ಕ್ಕೆ ನಿಂತುಬಿಡುತ್ತವೆ. ಇಶ್ಯೂ ಪಟ್ಟಿಯಂತೂ ತೆರೆದವನ್ನು ಮಾತ್ರ ಕೊಡುತ್ತದೆ. ‘ಲಿಮಿಟ್’ ಅನ್ನು ದೊಡ್ಡದಾಗಿ ಕೊಡಿ, ‘ಸ್ಟೇಟ್’ ಅನ್ನು ‘ಆಲ್’ ಅಂತ ಕೊಡಿ, ಬಂದ ಸಾಲುಗಳನ್ನು ಎಣಿಸಿ. ಸರಿಯಾಗಿ 30 ಬಂದರೆ ಅನುಮಾನ ಪಡಿ.

ಹಲವು ರೆಪೊಗಳನ್ನು ಒಂದೇ ಕಾನ್ಫಿಗರೇಷನ್ ಫೈಲಿನಿಂದ ನೋಡಿಕೊಳ್ಳುವ ಟೂಲ್‌ಗಳೂ ಇವೆ. ಕುಬರ್ನೆಟೀಸ್ ಅನ್ನುವ ಓಪನ್ ಸೋರ್ಸ್ ಯೋಜನೆಯವರ ‘ಲೇಬಲ್ ಸಿಂಕ್’ ನನಗೆ ಇಷ್ಟ, ಕಾರಣ ಅದರ ಫೈಲಿನಲ್ಲಿ ‘ಪ್ರೀವಿಯಸ್ಲಿ’ ಅನ್ನುವ ಜಾಗವೇ ಇದೆ. ಈ ಲೇಬಲ್‌ಗೆ ಹಿಂದೆ ಏನು ಹೆಸರಿತ್ತು ಅಂತ ಅಲ್ಲಿ ಬರೆಯಬೇಕು. ಮಾಡಿದವರಿಗೆ ಈ ನೋವು ಗೊತ್ತಿತ್ತು. ಫೈನಾನ್ಷಿಯಲ್ ಟೈಮ್ಸ್‌ನವರ ‘ಗಿಟ್‌ಹಬ್ ಲೇಬಲ್ ಸಿಂಕ್’ನಲ್ಲೂ ‘ಅಲಿಯಾಸಸ್’ ಅಂತ ಅಂಥದ್ದೇ ಜಾಗ ಉಂಟು. ಆದರೆ ಎಚ್ಚರ, ನೀವು ಬೇಡ ಅನ್ನದ ಹೊರತು ಅದು ಫೈಲಿನಲ್ಲಿಲ್ಲದ ಲೇಬಲ್‌ಗಳನ್ನು ಅಳಿಸುತ್ತದೆ. ಮೊದಲು ‘ಡ್ರೈ ರನ್’ (ಏನನ್ನೂ ಬದಲಿಸದೆ, ಏನಾಗುತ್ತದೆ ಅಂತ ಮಾತ್ರ ತೋರಿಸುವ ಪ್ರಯೋಗ) ಮಾಡಿ, ಬಂದ ಔಟ್‌ಪುಟ್ಟನ್ನು ಪೂರ್ತಿ ಓದಿ. ನಾನು ಹೇಳಿದ ಟೂಲ್‌ಗಳ ವರ್ತನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಹಾಗಾಗಿ ನಿಮ್ಮಲ್ಲಿರುವುದರ ಹೆಲ್ಪ್ ಪುಟವನ್ನೇ ನಂಬಿ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹ್ಯಾಶ್ ಚಿಹ್ನೆ (#) ಬಿಟ್ಟು ಬಣ್ಣದ ಸಂಕೇತದ ಆರು ಅಕ್ಷರ ಬರೆಯಿರಿ, ಅಷ್ಟೇ. ಉದ್ಧರಣ ಚಿಹ್ನೆ ಇಲ್ಲದೆ ಹ್ಯಾಶ್ ಹಾಕಿದರೆ, ಕಮಾಂಡು ಓದಿ ನಡೆಸುವ ಬ್ಯಾಶ್ ಅಲ್ಲಿಂದ ಮುಂದಿನದನ್ನೆಲ್ಲ ಕಾಮೆಂಟ್ ಅಂದುಕೊಂಡು ನುಂಗಿಬಿಡುತ್ತದೆ. ‘ಗುಡ್ ಫಸ್ಟ್ ಇಶ್ಯೂ’ ಥರ ಮಧ್ಯೆ ಜಾಗ ಇರುವ ಹೆಸರಿಗೂ ಉದ್ಧರಣ ಚಿಹ್ನೆ ಬೇಕು. ಅಂದಹಾಗೆ ಆ ಲೇಬಲ್‌ನ ಹೆಸರನ್ನು ದಯವಿಟ್ಟು ಬದಲಿಸಬೇಡಿ. ಓಪನ್ ಸೋರ್ಸಿಗೆ ಹೊಸದಾಗಿ ಕಾಲಿಡುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಹುಡುಕುವುದು ಆ ಮೂರು ಪದಗಳನ್ನೇ.

ಹೆಸರು ಬದಲಿಸಿದ ಮೇಲೂ ಒಂದು ಕೆಲಸ ಬಾಕಿ. ಇಶ್ಯೂಗಳು ಸಂಖ್ಯೆ ಹಿಡಿದುಕೊಂಡಿರುತ್ತವೆ, ನಿಮ್ಮ ಫೈಲುಗಳು ಹಾಗಲ್ಲ. ಇಶ್ಯೂ ಟೆಂಪ್ಲೇಟು, ಲೈಬ್ರರಿಗಳ ಅಪ್‌ಡೇಟ್ ನೋಡಿಕೊಳ್ಳುವ ಡಿಪೆಂಡಬಾಟ್‌ನ ಸೆಟ್ಟಿಂಗು, ರಿಲೀಸ್ ನೋಟ್ಸಿನ ವರ್ಗೀಕರಣ, ತಾನಾಗಿ ನಡೆಯುವ ಕೆಲಸಗಳ ಆ್ಯಕ್ಷನ್ಸ್ ವರ್ಕ್‌ಫ್ಲೋ, ಎಲ್ಲದರಲ್ಲೂ ಹಳೇ ಹೆಸರು ಅಕ್ಷರಶಃ ಕೂತಿರುತ್ತದೆ. ಟೆಂಪ್ಲೇಟಿನಲ್ಲಿ ಇಲ್ಲದ ಲೇಬಲ್‌ನ ಹೆಸರಿದ್ದರೆ ಹೊಸ ಇಶ್ಯೂ ಲೇಬಲ್ಲೇ ಇಲ್ಲದೆ ತೆರೆದುಕೊಳ್ಳುತ್ತದೆ, ಯಾರಿಗೂ ಯಾವ ಎರರ್ರೂ ಕಾಣುವುದಿಲ್ಲ. ಅದಕ್ಕೆ ಎಡಿಟ್ ಕೊಡುವ ದಿನವೇ ಫೈಲುಗಳೊಳಗೆ ಪದ ಹುಡುಕುವ ‘ಗಿಟ್ ಗ್ರೆಪ್’ನಲ್ಲಿ ಹಳೇ ಹೆಸರು ಹುಡುಕಿ, ಸಿಕ್ಕಿದ್ದನ್ನೆಲ್ಲ ಒಂದೇ ಪುಲ್ ರಿಕ್ವೆಸ್ಟಿನಲ್ಲಿ ತಿದ್ದಿ, ಲೇಬಲ್ ಹಚ್ಚುವ ಸಪೋರ್ಟ್‌ನವರನ್ನೂ ಅದಕ್ಕೆ ರಿವ್ಯೂವರ್ ಆಗಿ ಸೇರಿಸಿ.