ಪ್ರೊಬೇಷನ್ ಆಫೀಸರ್ ಮನೆಗೆ ಬಂದರೆ ಏನು ಹೇಳಬೇಕು, ಏನು ಮುಚ್ಚಿಡಬೇಕು?

ಓದುಗರ ಪ್ರಶ್ನೆ: ನನ್ನ ಹದಿನಾರು ವರ್ಷದ ಮಗನ ಮೇಲೆ ಮೊಬೈಲ್ ಕಳವಿನ ಕೇಸಾಗಿದೆ. ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟಿದೆ. ಈಗ ಪ್ರೊಬೇಷನ್ ಆಫೀಸರ್ ಮನೆಗೆ ಬರುತ್ತಾರೆ ಎಂದು ಪೊಲೀಸರು ಫೋನ್ ಮಾಡಿ ಹೇಳಿದರು. ಅವರ ಮುಂದೆ ಏನು ಹೇಳಬೇಕು, ಏನು ಹೇಳಬಾರದು? (ಬಂಗಾರಪೇಟೆ ತಾಲ್ಲೂಕು)

ಈ ಪ್ರಶ್ನೆ ಮಾಲೂರಿನಿಂದಲೂ ಬಂದಿದೆ, ಮುಳಬಾಗಿಲಿನಿಂದಲೂ ಬಂದಿದೆ, ಶ್ರೀನಿವಾಸಪುರದಿಂದಂತೂ ಬರುತ್ತಲೇ ಇರುತ್ತದೆ. ಇರುವುದನ್ನು ಇರುವ ಹಾಗೇ ಹೇಳಿ. ಉತ್ತರ ಇಷ್ಟೇ. ಆದರೆ ಹೀಗೆಂದರೆ ಯಾರಿಗೂ ಸಮಾಧಾನವಾಗುವುದಿಲ್ಲ. ‘ಅದು ಸರಿ ಸಾರ್, ಮುಚ್ಚಿಡೋದು ಯಾವುದನ್ನ?’ ಎಂದು ಮತ್ತೆ ಅಲ್ಲಿಗೇ ಬರುತ್ತಾರೆ.

ಇದಕ್ಕೆಲ್ಲ ಕಾರಣ ಒಂದೇ ನಂಬಿಕೆ: ಪ್ರೊಬೇಷನ್ ಆಫೀಸರ್ ಎಂದರೆ ಪೊಲೀಸ್ ಕಡೆಯವರು, ಮಫ್ತಿಯಲ್ಲಿ ಬಂದು ಸಾಕ್ಷಿ ಹುಡುಕುವವರು. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗಿಲ್ಲ. ನಾನೂ ಪ್ರೊಬೇಷನ್ ಆಫೀಸರೇ, ಇವತ್ತು ಇನ್ನೊಂದು ಸಲ ಹೇಳುತ್ತೇನೆ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರೊಬೇಷನ್ ಆಫೀಸರ್ ಎಂದರೆ ಇಬ್ಬರಲ್ಲಿ ಒಬ್ಬರು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸರ್ಕಾರ ನೇಮಿಸಿದವರು, ಇಲ್ಲವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ. ಈ ಘಟಕ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಎಸ್ಪಿ ಆಫೀಸಿಗೂ ನಮ್ಮ ಹಾಜರಿ ಪುಸ್ತಕಕ್ಕೂ ಸಂಬಂಧವಿಲ್ಲ. ಹುಡುಗನನ್ನು ಹಿಡಿಯುವ ಅಧಿಕಾರ ನಮಗಿಲ್ಲ, ಮನೆ ಜಪ್ತಿ ಮಾಡುವ ಅಧಿಕಾರವೂ ಇಲ್ಲ.

ಹಾಗಾದರೆ ಪೊಲೀಸರೇ ಫೋನ್ ಮಾಡಿ ‘ಅವರು ಬರ್ತಾರೆ’ ಎಂದು ಯಾಕೆ ಹೇಳಿದರು? ಕಾಯ್ದೆ ಅವರಿಗೆ ವಹಿಸಿರುವ ಕೆಲಸವೇ ಅದು. ಮಗುವನ್ನು ವಶಕ್ಕೆ ಪಡೆದ ಕೂಡಲೇ ಅಪ್ಪ ಅಮ್ಮನಿಗೆ ತಿಳಿಸಬೇಕು, ಪ್ರೊಬೇಷನ್ ಆಫೀಸರಿಗೂ ತಿಳಿಸಬೇಕು. ಆಫೀಸರು ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಕೊಡಬೇಕು. ಜನರನ್ನು ಹೆದರಿಸುವುದು ಆ ‘ತನಿಖಾ’ ಎಂಬ ಮಾತೇ ಇರಬೇಕು. ಇದರ ಜೊತೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೂ ಹುಡುಗನ ಹಿನ್ನೆಲೆಯ ಒಂದು ವರದಿ ಬರೆಯುತ್ತಾರೆ. ಅದು ಬೇರೆ, ಇದು ಬೇರೆ. ಎರಡರಲ್ಲೂ ‘ಮನೆಯಲ್ಲಿ ಎಷ್ಟು ಜನ, ಎಲ್ಲಿ ಓದಿದ’ ಎಂದು ಕೇಳುವುದರಿಂದ ಒಬ್ಬರೇ ಎರಡು ಸಲ ಬಂದರು ಎಂದು ಜನ ಅಂದುಕೊಳ್ಳುತ್ತಾರೆ.

ನಮ್ಮ ವರದಿಯಲ್ಲಿ ಇರುವುದಾದರೂ ಏನು? ಮನೆ ಎಂಥದ್ದು, ದುಡಿಯುವವರು ಯಾರು, ಹುಡುಗ ಶಾಲೆ ಬಿಟ್ಟದ್ದು ಯಾವಾಗ ಮತ್ತು ಯಾಕೆ, ಯಾರ ಜೊತೆ ತಿರುಗುತ್ತಾನೆ, ಯಾವ ಚಟ ಇದೆ, ಅವನನ್ನು ಯಾರಾದರೂ ಹೊಡೆಯುತ್ತಾರಾ, ಎಲ್ಲಾದರೂ ದುಡಿಮೆಗೆ ಹಾಕಿದ್ದರಾ. ಘಟನೆಯ ಬಗ್ಗೆಯೂ ಕಾಲಂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಕದ್ದನೋ ಇಲ್ಲವೋ ಎಂದು ತೀರ್ಮಾನಿಸುವುದು ಮಂಡಳಿ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಘಟನೆಯ ಬಗ್ಗೆ ಏನು ಹೇಳಬೇಕೆಂಬ ಅಳುಕಿದ್ದರೆ ಮೊದಲು ವಕೀಲರನ್ನು ಕೇಳಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಮನೆಯ ವಿಷಯ ಹೇಳುವುದಕ್ಕೆ ಮಾತ್ರ ಯಾರ ಸಲಹೆಯೂ ಬೇಡ.

ಆದರೆ ನಡೆಯುವುದೇ ಬೇರೆ. ನಾವು ಹೋಗುವ ಹೊತ್ತಿಗೆ ಪಕ್ಕದ ಮನೆಯ ಪ್ಲಾಸ್ಟಿಕ್ ಕುರ್ಚಿ ಬಂದಿರುತ್ತದೆ. ಹುಡುಗ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಎರಡು ವರ್ಷದಿಂದ ಮುಟ್ಟದ ಪುಸ್ತಕ ಹಿಡಿದು ಕೂತಿರುತ್ತಾನೆ. ‘ಅಪ್ಪ ಕುಡೀತಾರಾ?’ ಎಂದರೆ ಎಲ್ಲರೂ ಒಟ್ಟಿಗೆ ‘ಅಯ್ಯೋ ಇಲ್ಲ’ ಎನ್ನುತ್ತಾರೆ. ಒಳಗಿನಿಂದ ಅಜ್ಜಿ ಒಂದು ಸಲ ಕೆಮ್ಮುತ್ತಾರೆ. ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ನಮಗೆ ಕನ್ನಡದಲ್ಲಿ ಒಂದು ಉತ್ತರ ಕೊಟ್ಟು, ತಮ್ಮತಮ್ಮಲ್ಲೇ ತೆಲುಗಿನಲ್ಲಿ ಇನ್ನೊಂದು ಮಾತಾಡಿಕೊಳ್ಳುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ತೆಲುಗು ಬರುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರೋ!

ಮುಚ್ಚಿಟ್ಟರೆ ನಷ್ಟ ಯಾರಿಗೆ, ನೋಡಿ. ಹುಡುಗನ ತಪ್ಪು ಸಾಬೀತಾದರೂ ಮಂಡಳಿಯ ಕೈಯಲ್ಲಿ ಹಲವು ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆಗೆ ಹಾಕಬಹುದು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಹೆಚ್ಚೆಂದರೆ ಮೂರು ವರ್ಷ ಅಪ್ಪ ಅಮ್ಮನ ಅಥವಾ ಬೇರೆ ಯೋಗ್ಯ ವ್ಯಕ್ತಿಯ ಸುಪರ್ದಿಗೆ ಬಿಡಬಹುದು. ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳಿಸುವುದು ಎಲ್ಲಕ್ಕಿಂತ ಕೊನೆಯ ಮಾತು. ಇದರ ಜೊತೆಗೇ ಶಾಲೆಗೆ ಹೋಗಬೇಕು, ಕಸುಬು ಕಲಿಯಬೇಕು, ಚಟ ಬಿಡಿಸುವ ಕೇಂದ್ರಕ್ಕೆ ಹೋಗಬೇಕು ಎಂದೂ ಆದೇಶಿಸಬಹುದು. ಅಪ್ಪ ಕುಡಿದು ಬಂದು ಹೊಡೆಯುತ್ತಾರೆ, ಹುಡುಗ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ, ಆದರೆ ಸೋದರಮಾವನ ಮನೆಯಲ್ಲಿದ್ದಾಗ ಸರಿಯಾಗಿರುತ್ತಾನೆ ಎಂದು ನೀವು ಹೇಳಿದರೆ ಮಾವನ ಸುಪರ್ದಿಗೆ ಬಿಡಿ ಎಂದು ನಾವು ಬರೆಯಬಹುದು. ಹೇಳದಿದ್ದರೆ ಅದೇ ಮನೆಗೆ, ಅದೇ ಹೊಡೆತಕ್ಕೆ ಮರಳುತ್ತಾನೆ. ಪಂಕ್ಚರ್ ಹಾಕುವ ಸೊಲ್ಯೂಷನ್ ಮೂಸಿ ಅಮಲೇರಿಸಿಕೊಳ್ಳುವ ಚಟವನ್ನು ಬಚ್ಚಿಟ್ಟವರಿಗೆ ಚಟ ಬಿಡಿಸುವ ಆದೇಶ ಎಲ್ಲಿಂದ ಬರಬೇಕು? ಹೊಟ್ಟೆನೋವಿಗೆ ಹೋಗಿ ಡಾಕ್ಟರಿಗೆ ಕಾಲು ತೋರಿಸಿದ ಹಾಗೆ.

ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯವೂ ಇದರೊಳಗೆ ಸೇರಿದೆ. ವರದಿ ಗೋಪ್ಯ. ಅದರ ಸಾರಾಂಶವನ್ನು ಮಂಡಳಿ ನಿಮಗೆ ತಿಳಿಸಬಹುದು, ನೀವು ಒಪ್ಪದಿದ್ದರೆ ನಿಮ್ಮ ಸಾಕ್ಷ್ಯ ಕೊಡುವುದಕ್ಕೂ ಅವಕಾಶ ಮಾಡಿಕೊಡಬಹುದು. ಹುಡುಗನ ಹೆಸರು, ಫೋಟೊ, ಶಾಲೆ ಯಾವುದನ್ನೂ ಪತ್ರಿಕೆ, ಟಿವಿ ಎಲ್ಲಿಯೂ ಹಾಕುವಂತಿಲ್ಲ. ಹಾಕಿದವರಿಗೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಸು ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಈ ದಾಖಲೆಯನ್ನು ಹೊರಗೆ ಕೊಡುವಂತಿಲ್ಲ ಎಂದೂ ಕಾಯ್ದೆಯಲ್ಲೇ ಬರೆದಿದೆ. ‘ಇನ್ನು ಇವನಿಗೆ ಸರ್ಕಾರಿ ಕೆಲಸ ಸಿಗಲ್ಲ’ ಎಂದು ಅಳುವ ತಾಯಂದಿರು ಈ ಮಾತನ್ನು ಎರಡು ಸಲ ಓದಿಕೊಳ್ಳಲಿ.

ಭೇಟಿಯ ಬಗ್ಗೆ ಇನ್ನು ಹೆಚ್ಚು ಹೇಳುವುದೇನಿಲ್ಲ. ನಮಗೆ ಫೀಸು ಇಲ್ಲ. ಯಾರಾದರೂ ಕೇಳಿದರೆ ಮಂಡಳಿಯ ಮುಂದೆ ಹೇಳಿ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಮೊದಲೇ ಫೋನ್ ಮಾಡಿದರೆ ಭಾನುವಾರವೂ ಬರುತ್ತೇವೆ. ಅಪ್ಪನನ್ನು ನೋಡದೆ ಬರೆದ ವರದಿ ಅರ್ಧ ವರದಿ.

ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ವಿಷಯವಿದೆ. ನಿಮ್ಮ ಹುಡುಗನಿಗೆ ಹದಿನಾರು ಎಂದು ಹೇಳುವ ಕಾಗದ ಯಾವುದು? ಎಲ್ಲರೂ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾರೆ. ವಯಸ್ಸು ನಿರ್ಧಾರಕ್ಕೆ ಕಾಯ್ದೆ ಹೇಳುವ ಪಟ್ಟಿಯಲ್ಲಿ ಆಧಾರ್ ಇಲ್ಲ. ಮೊದಲು ಶಾಲೆ ಕೊಡುವ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಜನನ ಪ್ರಮಾಣಪತ್ರವೇ ದೊಡ್ಡದು ಎಂದು ನಂಬಿದವರಿಗೆ ಈ ಸಾಲು ತಲೆಕೆಳಗಾಗಿ ಕಾಣುತ್ತದೆ.

ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ‘ಜೂನ್ 1’ ಎಂದು ಬರೆದುಕೊಂಡ ಮಕ್ಕಳು ಎಷ್ಟಿಲ್ಲ! ಕೆಲವರಿಗೆ ನಾಲ್ಕು ತಿಂಗಳು ಹೆಚ್ಚಾಗಿದೆ, ಕೆಲವರಿಗೆ ಕಡಿಮೆಯಾಗಿದೆ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ಅವತ್ತಿಗೆ ಹದಿನೆಂಟು ತುಂಬಿರಲಿಲ್ಲವೆಂದರೆ ಈ ಕಾಯ್ದೆ, ತುಂಬಿತ್ತೆಂದರೆ ದೊಡ್ಡವರ ಕೋರ್ಟು. ಹದಿನಾರರ ಗೆರೆಯೂ ಸಣ್ಣದಲ್ಲ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧದಲ್ಲಿ ಹದಿನಾರು ತುಂಬಿದವನ ಬಗ್ಗೆ ಮಂಡಳಿ ಪ್ರಾಥಮಿಕ ನಿರ್ಧರಣೆ, ಅಂದರೆ ಮಾಡಿದ್ದರ ಪರಿಣಾಮ ತಿಳಿಯುವ ಶಕ್ತಿ ಅವನಿಗಿತ್ತೇ ಎಂಬ ಪರಿಶೀಲನೆ ಮಾಡಿ, ವಯಸ್ಕನಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮೊಬೈಲ್ ಕಳವಿಗೆ ಅದು ಅನ್ವಯಿಸುವುದಿಲ್ಲ, ನೀವು ಹೆದರಬೇಡಿ.

ಶಾಲೆಯಿಂದ ಬರೀ ಟಿಸಿ ತಂದು ಕೊಟ್ಟು ಸುಮ್ಮನಾಗಬೇಡಿ. ಟಿಸಿ ಆಗಲಿ, ದಾಖಲಾತಿ ಪುಸ್ತಕದ ನಕಲಾಗಲಿ ಕಾಯ್ದೆ ಕೇಳುವ ಪ್ರಮಾಣಪತ್ರವಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹೆಡ್‌ಮಾಸ್ಟರ ಹತ್ತಿರ ಜನ್ಮದಿನಾಂಕ ಪ್ರಮಾಣಪತ್ರವೆಂದೇ ಕೇಳಿ, ಸಹಿ ಮೊಹರು ಹಾಕಿಸಿ ಇಟ್ಟುಕೊಂಡಿರಿ. ನಾವು ಬಂದಾಗ ಕುರ್ಚಿ ಇಲ್ಲದಿದ್ದರೂ ನಡೆಯುತ್ತದೆ, ಆ ಕಾಗದ ಇರಲಿ.